ಒಳಂಚಿನ ಮಾತು

ಬೈಂಡಿಂಗ್ ಶಾಪಿನ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಕೂತು ಪುಸ್ತಕ ಹೊಲಿಯುವವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇನ್ನೊಂದು ತುದಿಯಲ್ಲಿ ಕಟಿಂಗ್ ಮಷಿನ್ನಿನ ಮುಂದೆ ನಿಂತು ಪುಸ್ತಕದ ಅಂಚು ಕತ್ತರಿಸುವವನ ಹೆಸರು ಬ್ಲೇಡು. ಮಷಿನ್ನಿನಿಂದ ಬಂದ ಹೆಸರೋ ನಾಲಿಗೆಯಿಂದ ಬಂದ ಹೆಸರೋ, ಕೇಳಬೇಡಿ. ಎರಡೂ ಅಷ್ಟೇ ಹರಿತ. ಹತ್ತೊಂಬತ್ತು ವರ್ಷ ಇಬ್ಬರೂ ಅದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಉಂಡವರು. ರಂಜಾನ್ ತಿಂಗಳಲ್ಲಿ ಬ್ಲೇಡು ತನ್ನ ಡಬ್ಬಿ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ. "ನಿಮ್ಮ ಎದುರಿಗೆ ಅಗಿದ್ರೆ ನನಗೆ ಅಜೀರ್ಣ ಆಗುತ್ತೆ ಸಾಹೇಬ್ರೇ" ಎನ್ನುತ್ತಿದ್ದ.

ಅಂಥವನ ಬಾಯಿಂದಲೇ ಒಂದು ಮಧ್ಯಾಹ್ನ ಆ ಮಾತು ಬಂತು. ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಕುಹಕಿಯ ವಿಡಿಯೋ. ನೋಡುತ್ತ ನಕ್ಕ, ನಗುತ್ತ ಪೈಗಂಬರರ ಬಗ್ಗೆ ತಾನೂ ಒಂದು ಮಾತು ಸೇರಿಸಿದ. ಅದೇನೆಂದು ಇಲ್ಲಿ ಬರೆಯುವುದು ಬೇಡ. ಬರೆದರೆ ಇನ್ನೊಮ್ಮೆ ಆಡಿದಂತಾಗುತ್ತದೆ. ಅದೇನು ಅಂಥಾ ಜಾಣತನದ ಮಾತೂ ಆಗಿರಲಿಲ್ಲ. ಎಲುಬಿಲ್ಲದ ನಾಲಿಗೆ, ಹೊರಳಿತು, ಅಷ್ಟೆ.

ಸಾಹೇಬರು ಎತ್ತಿದ ತುತ್ತನ್ನು ಡಬ್ಬಿಗೇ ಹಾಕಿದರು. ಡಬ್ಬಿ ಮುಚ್ಚಿದರು. ಸೂಜಿ, ದಾರದ ಉಂಡೆ, ಹೊಲಿಗೆಯ ಚೌಕಟ್ಟು ಎತ್ತಿಕೊಂಡು ಒಳಗಿನ ಗೋಂದಿನ ಕೋಣೆಗೆ ಹೋಗಿ ಕೂತರು. ಬ್ಲೇಡಿನ ನಗು ಅರ್ಧಕ್ಕೆ ನಿಂತಿತು.

ಸುದ್ದಿ ಸಾಹೇಬರಿಗಿಂತ ಮುಂಚೆಯೇ ಮನೆ ತಲುಪಿತ್ತು. ವೆಲ್ಡಿಂಗ್ ಕೆಲಸ ಮಾಡುವ ಮಗ ಬಾಗಿಲಲ್ಲೇ ಕೆಂಡವಾಗಿ ನಿಂತಿದ್ದ.

"ನಾಲ್ಕು ಜನ ಹೋಗಿ ಕೇಳ್ಕೊಂಡು ಬರ್ತೀವಿ ಅಬ್ಬಾ. ಕೇಳೋದಷ್ಟೇ."

"ನಾಲ್ಕು ಜನ ಹೋಗಿ ಯಾರೂ ಬರೀ ಕೇಳ್ಕೊಂಡು ಬರಲ್ಲ. ಕೂತ್ಕೋ" ಎಂದರು ಸಾಹೇಬರು. "ಪೈಗಂಬರರನ್ನ ಅವರ ಕಾಲದಲ್ಲೇ ಹುಚ್ಚ ಅಂದ್ರು, ಸುಳ್ಳುಗಾರ ಅಂದ್ರು. ತಮಗಾಗಿ ಅಂತ ಅವರು ಯಾರ ಮೇಲೂ ಸೇಡು ತೀರಿಸ್ಕೊಳ್ಳಲಿಲ್ಲ. ತಿಳೀದೋರು ಕೆಣಕಿದ್ರೆ ಸಲಾಂ ಹೇಳಿ ಮುಂದೆ ಹೋಗು ಅಂತಾನೇ ಕುರ್‌ಆನ್ ಹೇಳೋದು. ಅವರು ಮಾಡದೇ ಇದ್ದದ್ದನ್ನ ಅವರ ಹೆಸರಲ್ಲಿ ನೀನು ಮಾಡ್ತೀಯಾ?"

ಮಗ ತಲೆ ತಗ್ಗಿಸಿದ. ಸಾಹೇಬರು ಕಪಾಟಿನಿಂದ ತಮ್ಮ ತಂದೆಯ ನೋಟ್‌ಬುಕ್ ತೆಗೆದರು. ಆ ಹಿರಿಯರು ಮಸೀದಿಯಲ್ಲಿ ಕೇಳಿದ್ದು, ಕುರ್‌ಆನಿನಿಂದ ತಿಳಿದದ್ದು ಎಲ್ಲವನ್ನೂ ತಮ್ಮ ಮಾತಿನಲ್ಲಿ ಅದರಲ್ಲಿ ಬರೆದಿಟ್ಟಿದ್ದರು. ಹಾಳೆ ದಂಡವಾಗಬಾರದೆಂದು ಅಂಚೇ ಬಿಡದೆ ಬರೆಯುವ ಕೈ. ಹಾಳೆಗಳು ಬಿಡಿಯಾದಾಗ ಅದನ್ನು ಹೊಲಿದದ್ದು ಸಾಹೇಬರೇ, ಕೆಲಸಕ್ಕೆ ಸೇರಿದ ಮೊದಲ ವರ್ಷ. ಮೊದಲ ವರ್ಷದ ಹುಮ್ಮಸ್ಸಿನಲ್ಲಿ ಪಕ್ಕದಿಂದ ತೂತು ಹಾಕಿ, ಗಟ್ಟಿಯಾಗಿ ಎಳೆದು ಹೊಲಿದಿದ್ದರು. ಪುಸ್ತಕ ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ.

"ಓದು" ಎಂದು ಬೆರಳಿಟ್ಟು ತೋರಿಸಿದರು.

ಮಗ ಓದಿದ: "ದೇವರ ಮಾತನ್ನು ಗೇಲಿ ಮಾಡುವವರ ಜೊತೆ ಕೂರಬೇಡ. ಎದ್ದು ಹೋಗು."

"ಎದ್ದು ಬಂದೆ. ಮುಗೀತು" ಎಂದರು ಸಾಹೇಬರು.

ಮಗನ ಸಿಟ್ಟು ಇಳಿಯಿತು. ಆ ಪುಟವನ್ನು ಅವನು ತನ್ನ ಗೆಳೆಯರಿಗೆಲ್ಲ ತೋರಿಸಿದ, ನೋಟ್‌ಬುಕ್ ಕೈಯಿಂದ ಕೈಗೆ ಓಡಾಡಿತು. ಸಾಹೇಬರ ಸಹನೆ ಮನೆಮಾತಾಯಿತು. ಶಾಪಿನ ಓನರಮ್ಮ ಕೂಡ "ನಿಮ್ಮ ಜಾಗದಲ್ಲಿ ಬೇರೆಯವರಿದ್ದಿದ್ರೆ ರಂಪ ಆಗ್ತಿತ್ತು" ಎಂದರು. ಹೊಗಳಿಕೆ ಯಾರಿಗೆ ಕಹಿ? ಸಾಹೇಬರಿಗೂ ಒಳಗೊಳಗೇ ಹಿತವಾಗಿತ್ತು.

ಅವರು ಗೋಂದಿನ ಕೋಣೆಯಲ್ಲೇ ಉಳಿದರು.

ನಾಲ್ಕನೆಯ ದಿನವೋ ಐದನೆಯ ದಿನವೋ ಬ್ಲೇಡು ಆ ಕೋಣೆಯ ಬಾಗಿಲಿಗೆ ಬಂದು ನಿಂತ.

"ದಾರ ಸಾಕಾ ಸಾಹೇಬ್ರೇ?"

ಸಾಹೇಬರು ತಲೆ ಎತ್ತಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೋದ. ಮರುದಿನ ಮತ್ತೆ ಬಂದ. "ಈ ಕಿಟಕಿ ಬೆಳಕು ಸಾಲುತ್ತಾ?" ಅದರ ಮರುದಿನ "ಮಗನ ಕೆಲಸ ಹೆಂಗಿದೆ?" ಹೀಗೇ ದಿನಕ್ಕೊಂದು ಪ್ರಶ್ನೆ, ಊಟದ ಹೊತ್ತು ಮುಗಿಯುವಾಗ ಸರಿಯಾಗಿ. ಹತ್ತೊಂಬತ್ತು ವರ್ಷ ಬಾಯಿ ಮುಚ್ಚದವನು ಈಗ ದಿನಕ್ಕೆ ಒಂದೇ ಮಾತು ಆಡಿ, ಉತ್ತರ ಬರದೆ, ಮಷಿನ್ನಿನ ಕಡೆ ಹೋಗುತ್ತಿದ್ದ. ಗೋಡೆಯಾಚೆ ಮಷಿನ್ನಿನ ಅಲಗು ಇಳಿಯುವ ಸದ್ದು ಕೇಳುತ್ತಿತ್ತು.

ಸಾಹೇಬರು ಕಾಯುತ್ತಿದ್ದದ್ದು ಒಂದೇ ಮಾತಿಗೆ: ತಪ್ಪಾಯ್ತು. ಅದನ್ನು ಬಿಟ್ಟು ಲೋಕದ ಮಾತನ್ನೆಲ್ಲ ಬ್ಲೇಡು ಆಡುತ್ತಿದ್ದ. ತಪ್ಪಾಯ್ತು ಎನ್ನಲು ಕೆಲವು ನಾಲಿಗೆಗಳಿಗೆ ಬರುವುದೇ ಇಲ್ಲ. ಅದನ್ನು ಬಲ್ಲಷ್ಟು ಹಳೆಯ ಒಡನಾಟ ಅವರದು. ಬಲ್ಲರು, ಆದರೂ ಪಟ್ಟು ಬಿಡಲಿಲ್ಲ. ಒಂದೆರಡು ಸಲ ಉತ್ತರ ತುಟಿಯ ತನಕ ಬಂದದ್ದುಂಟು. ಆಗೆಲ್ಲ ತಂದೆಯ ಅಕ್ಷರ ನೆನಪಾಗುತ್ತಿತ್ತು: ಕೂರಬೇಡ, ಎದ್ದು ಹೋಗು. ಉತ್ತರವನ್ನು ನುಂಗಿಕೊಳ್ಳುತ್ತಿದ್ದರು. ಸಲಾಂ ಹೇಳಿ ಮುಂದೆ ಹೋಗು ಎಂದು ಮಗನಿಗೆ ಹೇಳಿಕೊಟ್ಟವರು ತಾವು ಮಾತ್ರ ಸಲಾಮನ್ನೂ ಹೇಳಿರಲಿಲ್ಲ.

ಎಂಟು ತಿಂಗಳು ಕಳೆಯಿತು. ಒಂದು ಗುರುವಾರ ಬ್ಲೇಡು ಬಾಗಿಲಲ್ಲಿ ನಿಂತು "ಮೇಣ ಇದೆಯಾ ಸಾಹೇಬ್ರೇ?" ಎಂದ. ಹೊಲಿಯುವ ದಾರಕ್ಕೆ ಉಜ್ಜುವ ಜೇನುಮೇಣ ಮುಗಿದು ವಾರವಾಗಿತ್ತು. ಸಾಹೇಬರು ಒಣ ದಾರವನ್ನೇ ಎಳೆಯುತ್ತ ಕೂತಿದ್ದರು. ಉತ್ತರ ಕೊಡಲಿಲ್ಲ.

ಶುಕ್ರವಾರ ಅವನು ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಮುಖ ತೊಳೆಯುತ್ತ ನಿಂತಲ್ಲೇ ಕುಸಿದನಂತೆ, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲವಂತೆ. ಓನರಮ್ಮ ಹೇಳಿದಾಗ ಸಾಹೇಬರು ಸೂಜಿಯನ್ನು ಚೌಕಟ್ಟಿಗೆ ಚುಚ್ಚಿಟ್ಟು, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು. ಎಲ್ಲರೂ ಮಣ್ಣಿಗೆ ಹೋದರು. ಯಾವ ಮುಖ ಹೊತ್ತು ಹೋಗಲಿ ಎಂದು ಅವರು ಹೋಗಲಿಲ್ಲ.

ಆ ಭಾನುವಾರ ಮಗ ನೋಟ್‌ಬುಕ್ ತಂದು ಮುಂದಿಟ್ಟ. ಅವರಿವರು ಬಲವಾಗಿ ಅಗಲಿಸಿ ಓದಿ ಓದಿ ಬೆನ್ನು ಸೀಳಿತ್ತು. "ಹೊಲಿದುಕೊಡಿ ಅಬ್ಬಾ" ಎಂದ. ಕೈಗೊಂದು ಕೆಲಸ ಸಿಕ್ಕಿತೆಂದು ಸಾಹೇಬರು ಕತ್ತರಿ ಹಿಡಿದರು. ಹಳೆಯ ದಾರವನ್ನು ಒಂದೊಂದಾಗಿ ಕತ್ತರಿಸಿ ಎಳೆದರು. ಹಾಳೆಗಳು ಸಡಿಲವಾಗಿ, ಹೊಲಿದ ಮೇಲೆ ಮೊದಲ ಬಾರಿಗೆ ಪೂರ್ತಿ ಬಿಚ್ಚಿಕೊಂಡವು.

ಆ ಪುಟದ ಒಳಂಚಿನಲ್ಲಿ, ಇಷ್ಟು ವರ್ಷ ಹೊಲಿಗೆಯೊಳಗೆ ಹುದುಗಿದ್ದ ಬೆರಳಗಲ ಜಾಗದಲ್ಲಿ, ತಂದೆಯ ಸಣ್ಣ ಅಕ್ಷರಗಳು ಅಡ್ಡಡ್ಡ ನಿಂತಿದ್ದವು. ಬರೆಯುವಾಗ ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿದ್ದರು. ಸಾಹೇಬರು ಹಾಳೆಯನ್ನು ತಿರುಗಿಸಿ ಹಿಡಿದು ಓದಿದರು.

"ಅವರು ಬೇರೆ ಮಾತಿಗೆ ಬರುವ ತನಕ."

ಇನ್ನೊಮ್ಮೆ ಓದಿದರು. ಅದರ ಮೇಲೆ ಅವರ ಸೂಜಿಯ ತೂತುಗಳೇ ಸಾಲಾಗಿ ಬಿದ್ದಿದ್ದವು.

"ಏನಾಯ್ತು ಅಬ್ಬಾ?" ಎಂದ ಮಗ.

"ಬೇರೆ ಮಾತಿಗೆ ಬಂದಿದ್ದ" ಎಂದರು ಸಾಹೇಬರು. "ಐದನೇ ದಿನಕ್ಕೇ ಬಂದಿದ್ದ. ದಾರ ಸಾಕಾ ಅಂತ ಕೇಳಿದ್ದ ಕಣೋ." ಮಗನಿಗೆ ಏನೂ ಅರ್ಥವಾಗಲಿಲ್ಲ. ತಂದೆ ಅಳುವುದನ್ನು ಅವನು ಅದುವರೆಗೆ ನೋಡಿರಲಿಲ್ಲ, ಹಾಗಾಗಿ ಎಲ್ಲಿ ನೋಡಬೇಕೆಂದು ತಿಳಿಯದೆ ಹಾಳೆಗಳನ್ನು ಜೋಡಿಸತೊಡಗಿದ.

ಸಂಜೆ ಸಾಹೇಬರು ಬ್ಲೇಡಿನ ಮನೆಗೆ ಹೋದರು. ಬಾಗಿಲು ತೆಗೆದದ್ದು ಅವನ ಹೆಂಡತಿ. ಬೈದರೆ ಬೈಸಿಕೊಳ್ಳುವುದೆಂದು ಗಟ್ಟಿಮಾಡಿಕೊಂಡೇ ಬಂದಿದ್ದರು. ಆಕೆ ಬೈಯಲಿಲ್ಲ.

"ನೀವು ಬರ್ತೀರಿ ಅಂತ ಗೊತ್ತಿತ್ತು ಅಣ್ಣ. ಸ್ವಲ್ಪ ತಡ ಆಯ್ತು, ಅಷ್ಟೇ" ಎಂದಳು.

ಸಾಹೇಬರು ಹೊಸ್ತಿಲಲ್ಲೇ ನಿಂತಿದ್ದರು.

"ದಿನಾ ಊಟಕ್ಕೆ ಕೂತಾಗ ನನ್ನ ತಲೆ ತಿನ್ನೋರು. ನಾಳೆ ಏನು ಕೇಳ್ಲಿ ಹೇಳು, ಸಾಹೇಬ್ರು ಬಾಯಿ ಬಿಡೋ ಅಂಥದ್ದು ಏನಾದ್ರೂ ಹೇಳು ಅಂತ. ಕಿಟಕಿ ಬೆಳಕಿಂದು ನಾನು ಹೇಳ್ಕೊಟ್ಟಿದ್ದು. ತಪ್ಪಾಯ್ತು ಅಂದ್ಬಿಡಿ, ಮುಗಿದೇ ಹೋಗುತ್ತೆ ಅಂದೆ. ಅದೊಂದು ಮಾತ್ರ ಬಾಯಿಗೆ ಬರಲ್ಲ ಕಣೇ, ಗಂಟಲಲ್ಲಿ ಸಿಕ್ಕಾಕ್ಕೊಳ್ಳುತ್ತೆ ಅಂದ್ರು."

ಗೂಟಕ್ಕೆ ಬ್ಲೇಡಿನ ಕೆಲಸದ ಚೀಲ ಇನ್ನೂ ನೇತಾಡುತ್ತಿತ್ತು. ಆಕೆ ಅದರೊಳಗೆ ಕೈಹಾಕಿ ಕಾಗದದ ಪೊಟ್ಟಣವೊಂದನ್ನು ತೆಗೆದಳು.

"ಗೋಡೆ ಆಚೆ ದಾರದ ಸದ್ದು ಬೇರೆ ಥರ ಕೇಳ್ತಿದೆ, ಸಾಹೇಬ್ರ ಹತ್ರ ಮೇಣ ಮುಗಿದಿರ್ಬೇಕು ಅಂದ್ರು. ಗುರುವಾರ ಸಂಜೆ ಮನೆಗೆ ಬರ್ತಾ ತಂದಿದ್ರು. ಅವತ್ತು ಮಧ್ಯಾಹ್ನ ನಿಮ್ಮನ್ನ ಕೇಳಿದ್ರಂತಲ್ಲ, ಇದೆಯಾ ಅಂತ." ಆಕೆ ಪೊಟ್ಟಣವನ್ನು ಅವರ ಕೈಗಿಟ್ಟಳು. "ಇತ್ತಾ ಅಣ್ಣ?"

ಸಾಹೇಬರು ಕಾಗದ ಬಿಡಿಸಿ ಮೇಣದ ಗಟ್ಟಿಯನ್ನು ನೋಡಿದರು.

"ಇರ್ಲಿಲ್ಲ ಅಮ್ಮ" ಎಂದರು. "ಮುಗಿದು ವಾರ ಆಗಿತ್ತು."

"ಒಳಗೆ ಬಂದು ಕೂತ್ಕೊಳ್ಳಿ" ಎಂದಳು ಆಕೆ.

ಸಾಹೇಬರು ಒಳಗೆ ಹೋಗಿ, ಮೇಣವನ್ನು ಕೈಯಲ್ಲಿ ಹಿಡಿದುಕೊಂಡೇ, ಕೂತರು.