ತಲೆ ಕೊಡವದ ಟಗರು

ನಾನೊಂದು ಟಗರಿನ ತಲೆ. ಹಾಗೆಂದ ಕೂಡಲೇ ನಿಮ್ಮ ಮೂಗಿಗೆ ಸಾರಿನ ಘಮ ಬಡಿದಿದ್ದರೆ ದಯವಿಟ್ಟು ಆ ಕಡೆ ತಿರುಗಿ ಕೂತುಕೊಳ್ಳಿ. ಆ ಜಾತಿಯ ತಲೆ ನಾನಲ್ಲ. ಸ್ಪಂಜು, ಬೆತ್ತದ ಕಡ್ಡಿ, ಹಳೇ ಕಂಬಳಿ ಮತ್ತು ಎರಡು ಡಬ್ಬಿ ಅಂಟಿನಿಂದ ಆದವನು. ಹುಟ್ಟಿದ್ದು ದಾವಣಗೆರೆಯಲ್ಲಿ, ಗಣಪತಿ ಮಾಡುವ ಮೌನೇಶಾಚಾರಿಯ ಶೆಡ್ಡಿನಲ್ಲಿ. ಸುತ್ತಲೂ ಇನ್ನೂ ಬಣ್ಣ ಕಾಣದ ಗಣಪತಿಗಳು ಸಾಲಾಗಿ ಕೂತಿದ್ದವು. ಅವಕ್ಕೆ ನಾಲ್ಕು ದಿನ ಹೂವಿನ ಹಾರ, ಆಮೇಲೆ ನೀರು. ನನಗೂ ಹಾರ ಮತ್ತು ನೀರೇ ಕಾದಿವೆ ಎಂದು ಆಗ ಗೊತ್ತಿರಲಿಲ್ಲ.

ಆಚಾರಿ ನನ್ನ ಕೊಂಬಿಗೆ ಚಿನ್ನದ ಬಣ್ಣ ಬಳಿದ. ಬಾಯಿಗೆ ಕರಿ ಜಾಲರಿ ಹೊಲಿದ. ಒಳಗೆ ತಲೆ ಇಡುವವನು ಆ ಜಾಲರಿಯಿಂದಲೇ ಹೊರಗೆ ನೋಡಬೇಕು. ಕೊನೆಗೆ ನನ್ನ ಕೆನ್ನೆ ತಟ್ಟಿ, "ಲೇ, ನಿನಗ ಮೆದುಳು ಇಟ್ಟಿಲ್ಲ ಅಂತ ಬೇಜಾರಾಗಬ್ಯಾಡ. ನೀ ಹೋಗೋ ಜಾಗದಾಗ ಅದು ಬೇಕಾಗಂಗಿಲ್ಲ" ಎಂದ. ಪುಣ್ಯಾತ್ಮ, ಸುಳ್ಳು ಹೇಳಿರಲಿಲ್ಲ.

ನಾನು ಹೋದದ್ದು 'ದಾವಣಗೆರೆ ಟಗರು' ಎಂಬ ಕಬಡ್ಡಿ ತಂಡಕ್ಕೆ. ಟಿವಿಯಲ್ಲಿ ಬರುವ ದೊಡ್ಡ ಲೀಗು, ಬಣ್ಣದ ಲೈಟು, ಕಿವಿ ಹರಿಯುವ ಹಾಡು. ತಂಡದ ಮಾಲೀಕ ಉಜ್ಜಿನಪ್ಪ, ಪ್ಲಾಸ್ಟಿಕ್ ಪೈಪಿನ ಫ್ಯಾಕ್ಟರಿ ಇಟ್ಟವನು. ಪೈಪಿನ ಹಾಗೆ ಮನುಷ್ಯರನ್ನೂ ಬೇಕಾದಷ್ಟು ಉದ್ದಕ್ಕೆ ಕೊಯ್ದು ಜೋಡಿಸಬಹುದೆಂಬುದು ಅವನ ನಂಬಿಕೆ.

ಸೀಸನ್ನು ಶುರುವಾಗುವುದೇ ಹರಾಜಿನಿಂದ. ನನ್ನನ್ನು ಹೋಟೆಲಿನ ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕ ಕೂರಿಸಿದ್ದರು. ಕುರಿಸಂತೆಯಲ್ಲಿ ಹಲ್ಲು ನೋಡುತ್ತಾರಂತೆ, ಇಲ್ಲಿ ಮಂಡಿ ನೋಡುತ್ತಿದ್ದರು. ಅಷ್ಟೇ ವ್ಯತ್ಯಾಸ. ಜಗಳೂರು ಕಡೆಯ ದುರುಗೇಶ ಎಂಬ ಇಪ್ಪತ್ತೆರಡರ ರೈಡರ್ ಆವತ್ತು ನಮ್ಮ ಪಾಲಿಗೆ ಬಂದ. ಉಜ್ಜಿನಪ್ಪ ಅವನ ತೊಡೆ ತಟ್ಟಿ ನೋಡಿ ನಕ್ಕ. ಥೂ! ನಾನು ಸ್ಪಂಜಿನವನು, ನನಗೇ ನಾಚಿಕೆಯಾಯಿತು.

ನನ್ನೊಳಗೆ ಮೊದಲು ತಲೆ ಇಟ್ಟವನು ಬ್ಯಾಂಡ್‌ಸೆಟ್ಟಿನ ಒಬ್ಬ ಡೋಲಿನವನು. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಿರ್ಚಿ, ನಡುವೆ ಗುಟ್ಕಾ. ಆ ಬಾಯಿಯ ಉಸಿರೆಲ್ಲ ನನ್ನೊಳಗೇ ಸುತ್ತಬೇಕು. ಏಳನೇ ಪಂದ್ಯದ ದಿನ ಅವನೇ, "ಒಳಗ ಹೆಣದ ವಾಸನೆ ಬರ್ತತ್ರೀ" ಎಂದು ನನ್ನನ್ನು ಎತ್ತಿ ಒಗೆದು ಹೋದ. ಅದು ಯಾರ ವಾಸನೆ ಎಂದು ಕೇಳುವ ಬಾಯಿ ನನಗಿರಲಿಲ್ಲ.

ಅಷ್ಟು ಹೊತ್ತಿಗೆ ಏಳರಲ್ಲಿ ಐದು ಸೋತಿದ್ದೆವು. ಉಜ್ಜಿನಪ್ಪ ಆಟಗಾರರನ್ನು ಅದಲು ಬದಲು ಮಾಡತೊಡಗಿದ. ಮೊದಲು ತೆಗೆದದ್ದು ಬಕ್ಕೇಶನನ್ನು. ಐದು ಸೀಸನ್ನು ನಾಯಕನಾಗಿದ್ದವನು, ಮೂವತ್ತನಾಲ್ಕು ವಯಸ್ಸು, ಊರಿನವರಿಗೆ ಮನೆಮಗ. ಎಲ್ಲರೂ ಬೂಟು ಬಿಚ್ಚುತ್ತಿದ್ದಾಗಲೇ ಉಜ್ಜಿನಪ್ಪ ಹೇಳಿದ.

"ಬಕ್ಕೇಶಿ, ನಿನ್ನ ಉಸಿರು ಸಣ್ಣದಾಗೈತಿ. ಪಟ್ಟಿಯಿಂದ ತೆಗ್ದೀನಿ."

ಬಕ್ಕೇಶ ತಲೆ ಎತ್ತಲಿಲ್ಲ. "ಆಡ್ತಾ ಆಡ್ತಾ ಬಿಡಬೇಕು ಅಂತಿದ್ದೆ ಸಾವ್ಕಾರ್ರೇ. ಹಿಂಗ ಬಿಡಿಸ್ಕೊಂಡು ಹೋಗಬಾರದು. ಕೊನೇದು ಒಂದಾದ್ರೂ ಆಟ ಕೊಡ್ರಿ."

"ಕೊಡ್ತೀನಿ. ಪ್ಲೇಆಫ್‌ಗೆ ಬಂದ್ರ ಹನ್ನೆರಡು ಹೆಸರಿಂದು ಹೊಸ ಪಟ್ಟಿ ಕೊಡಬೇಕು. ಅದ್ರಾಗ ನಿನ್ನ ಬರೀತೀನಿ. ಅಲ್ಲೀತನಕ ಟೀಮ್ ಬಿಟ್ಟು ಹೋಗಬ್ಯಾಡ." ಅವನ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ನನ್ನ ಮೇಲೆ ಬಿತ್ತು. "ಡೋಲಿನವನು ಓಡಿ ಹೋದ. ಈ ತಲೆ ಹಾಕ್ಕೊಂಡು ನೀನೇ ಕುಣಿ."

ಯಾರೋ ಕಿಸಕ್ಕೆಂದರು. ಬಕ್ಕೇಶ ಎದ್ದು ಬಂದು ನನ್ನನ್ನು ಎತ್ತಿಕೊಂಡ. ಒಳಗೆ ಮೂಗಿಟ್ಟು ಮುಖ ಕಿವುಚಿದ. ಆದರೂ ತಲೆ ಇಟ್ಟ. ಒಂದು ಆಟಕ್ಕಾಗಿ ಮನುಷ್ಯ ಎಂಥ ಹೊಲಸಿಗೆ ತಲೆ ಒಡ್ಡುತ್ತಾನೆ ಎಂದು ನಾನು ಕಂಡದ್ದು ಆವತ್ತೇ.

ಹೊರಗಿನ ಹೊಲಸು ಒಳಗಿನದಕ್ಕಿಂತ ಹೆಚ್ಚು. ನನ್ನ ಜೊತೆಗಿನ ಕಂಬಳಿ ಅಂಗಿಯ ಬಾಲ ಜಗ್ಗುವವರು, ಕಿವಿಗೆ ಬಬಲ್‌ಗಮ್ ಅಂಟಿಸುವವರು, ಮೂತಿಗೆ ಮೂತಿ ತಾಗಿಸಿ ಸೆಲ್ಫಿ ತೆಗೆಯುವವರು. ಒಬ್ಬ ನನ್ನ ಕೊರಳಿಗೆ ಕೈ ಹಾಕಿ, "ಟಗರಪ್ಪಾ, ಬಕ್ಕೇಶ ಎಲ್ಲಿ ಹೋದನೋ?" ಎಂದು ಕೇಳಿ, ತಾನೇ, "ಮುದುಕನ್ನ ಓಡಿಸಿದ್ರು ಬಿಡು" ಎಂದು ನಕ್ಕ. ಬಕ್ಕೇಶ ನನ್ನೊಳಗೇ ನಿಂತು ಕೇಳಿಸಿಕೊಂಡ. ಆಮೇಲೆ ಕುಣಿದ. ಹೊಟ್ಟೆಪಾಡಿನ ಕುಣಿತ ನೋಡಿದ್ದೇನೆ, ಇದು ಅದಕ್ಕಿಂತ ಕೆಟ್ಟದ್ದು.

ಆದರೆ ಒಂದು ಮಾತು ಹೇಳಲೇಬೇಕು. ದುರುಗೇಶ ರೈಡಿಗೆ ಹೋದಾಗೆಲ್ಲ ಬಕ್ಕೇಶ ಜಾಲರಿಯಿಂದ ಅವನ ಕಾಲನ್ನೇ ನೋಡುತ್ತ ಒಳಗೇ ಶುರುಮಾಡುತ್ತಿದ್ದ, ಕಬಡ್ಡಿ ಕಬಡ್ಡಿ ಕಬಡ್ಡಿ. ಅವನು ಗೆರೆ ಮುಟ್ಟಿ ವಾಪಸಾಗುವವರೆಗೆ ಇವನು ಉಸಿರು ಎಳೆಯುತ್ತಿರಲಿಲ್ಲ. ಆ ಉಸಿರು ಸಣ್ಣದಾಗಿರಲಿಲ್ಲ. ಅದು ಮುಖಕ್ಕೆ ಬಡಿಯುತ್ತಿದ್ದದ್ದು ನನಗೆ, ಉಜ್ಜಿನಪ್ಪನಿಗಲ್ಲ.

ಹತ್ತನೇ ಪಂದ್ಯದ ದಿನ ಒಂದು ಅವಘಡವಾಯಿತು. ಉಜ್ಜಿನಪ್ಪ ದೇವಿಯ ಗುಡಿಯಿಂದ ತೀರ್ಥ ತಂದಿದ್ದ. ಇಬ್ಬರು ಡಿಫೆಂಡರುಗಳನ್ನು ತೆಗೆಯಲೋ ಬೇಡವೋ ಎಂದು ಗೊಣಗುತ್ತ ನಡೆಯುವಾಗ ಕಾಲು ಜಾರಿ, ತಂಬಿಗೆಯ ನೀರೆಲ್ಲ ನನ್ನ ಮೇಲೆ. ಚಳಿಗಾಲದ ನೀರು ಹೊಲಿಗೆಯ ಸಂದಿಯಿಂದ ಬಕ್ಕೇಶನ ಬೆನ್ನಿಗಿಳಿಯಿತು. ಅವನು ಪಟಪಟನೆ ತಲೆ ಕೊಡವಿದ.

ಉಜ್ಜಿನಪ್ಪ ಕೈ ಮುಗಿದು ನಿಂತೇಬಿಟ್ಟ. ನಮ್ಮ ಕಡೆ ಹರಕೆಯ ಟಗರನ್ನು ಕಡಿಯುವ ಮೊದಲು ನೀರು ಹಾಕುತ್ತಾರೆ. ಅದು ಮೈ ಕೊಡವಿದರೆ ದೇವಿ ಒಪ್ಪಿದಳು ಎಂದು ಲೆಕ್ಕ, ಆಮೇಲೆ ಕತ್ತಿ. ನೀರು ಬಿದ್ದರೆ ಯಾವ ಪ್ರಾಣಿ ಕೊಡವುವುದಿಲ್ಲ ಹೇಳಿ? ಆದರೂ ಅವನು, "ಅಮ್ಮ ಒಪ್ಪಿದ್ಲು!" ಎಂದು ಕೂಗಿ ಆ ಇಬ್ಬರನ್ನೂ ಅಲ್ಲೇ ತೆಗೆದ. ದುರುಗೇಶ ಆವತ್ತು ಒಬ್ಬನೇ ಹದಿನೇಳು ಪಾಯಿಂಟು ತಂದ, ಗೆದ್ದೆವು. ಹೆಸರು ಬಂದದ್ದು ನನಗೆ.

ಅಲ್ಲಿಂದ ಪ್ರತಿ ಪಂದ್ಯಕ್ಕೂ ಇದೇ ಕೆಲಸ. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ, ತಲೆಗೆ ಅರಿಶಿನದ ನೀರು. "ಬಲಮೂಲೆಯ ಡಿಫೆಂಡರನ್ನ ತೆಗೀಲಾ ತಾಯಿ?" ಚಳಕ್! ಬಕ್ಕೇಶ ಎಷ್ಟು ಬಿಗಿ ಹಿಡಿದರೂ ಮೈ ನಡುಗಿ ತಲೆ ಅಲ್ಲಾಡುತ್ತಿತ್ತು. ಟಿವಿಯವರು ಇದಕ್ಕೆ 'ಟಗರಿನ ತೀರ್ಪು' ಎಂದು ಹೆಸರಿಟ್ಟು, ಹಿಂದೆ ನಗಾರಿ ಬಾರಿಸಿ ತೋರಿಸಿದರು. ಹಾಗೆ ತೆಗೆದುಹಾಕಿಸಿಕೊಂಡ ಒಬ್ಬ ಹುಡುಗ ಬ್ಯಾಗು ಹೊತ್ತು ಹೋಗುವಾಗ ನನ್ನ ಮುಖಕ್ಕೆ ಕ್ಯಾಕರಿಸಿ ಉಗಿದ. ಉಗಿಯಲಿ, ಅದು ನ್ಯಾಯವೇ. ಬಕ್ಕೇಶ ತನ್ನ ಟವೆಲಿನಿಂದ ಅದನ್ನು ಒರೆಸುತ್ತ, "ನಾ ಬೇಕಂತ ಕೊಡವಿದ್ದಲ್ಲೋ ಯಪ್ಪಾ" ಎಂದ. ಹುಡುಗನಿಗೆ ಕೇಳಿಸಲಿಲ್ಲ, ಬಾಗಿಲು ದಾಟಿಯಾಗಿತ್ತು.

ಗೆಲ್ಲುತ್ತ ಗೆಲ್ಲುತ್ತ ಪ್ಲೇಆಫ್‌ಗೆ ಬಂದೆವು. ಆದರೆ ಲೀಗಿನ ಕೊನೇ ಪಂದ್ಯದಲ್ಲಿ ದುರುಗೇಶನ ಎಡಮಂಡಿ ತಿರುಚಿಕೊಂಡಿತು. ಮಾರನೇ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬಕ್ಕೇಶನ ಪಕ್ಕ ಬಂದು ಕೂತ. ನಾನು ಇಬ್ಬರ ನಡುವೆ ಬೆಂಚಿನ ಮೇಲಿದ್ದೆ.

"ಅಣ್ಣಾ, ಒಳಗ ಟಕ್ ಅಂತು."

"ಫಿಸಿಯೋ ಏನಂದ್ರು?"

"ಈಗ ಆಡಿದ್ರ ಮಂಡಿ ಪೂರ್ತಿ ಹೋಗ್ತತಿ ಅಂದ್ರು. ಸಾವ್ಕಾರ್ರು ಸೂಜಿ ಹಾಕಿಸ್ಕೊಂಡು ಆಡು ಅಂತಾರ. ಒಲ್ಲೆ ಅಂದ್ರ ಮುಂದ ಯಾವ ಟೀಮೂ ಮುಟ್ಟದಂಗ ಮಾಡ್ತೀನಿ ಅಂದಾರ."

ಬಕ್ಕೇಶ ಆ ಊದಿದ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ನೋಡಿದ, ಆಮೇಲೆ ಅದಕ್ಕೆ ತನ್ನ ಟವೆಲು ಸುತ್ತಿದ.

ಸೆಮಿಫೈನಲ್ ದಿನ ಬೆಳಿಗ್ಗೆ ಉಜ್ಜಿನಪ್ಪ ಬಕ್ಕೇಶನನ್ನು ಪಕ್ಕಕ್ಕೆ ಕರೆದ. ಮಂಡಿಯ ಸುದ್ದಿ ಪೇಪರಿನವರಿಗೆ ಗೊತ್ತಾಗಿತ್ತು, ಪ್ರಶ್ನೆಗಳು ಶುರುವಾಗಿದ್ದವು.

"ದುರುಗೇಶ ಆಡಾಕ ಅಮ್ಮ ಒಪ್ಪಿದ್ಲು ಅಂದ್ರ ಯಾರೂ ಪಿಟಕ್ ಅನ್ನಂಗಿಲ್ಲ. ಇವತ್ತು ಚಲೋತ್ನಾಗ ತಲೆ ಕೊಡವು. ಪಟ್ಟಿಯಾಗ ಹನ್ನೊಂದು ಹೆಸರು ಬರ್ದೀನಿ. ಹನ್ನೆರಡನೇದು ನಿಂದು. ಪೆನ್ನು ಕಿಸೆದಾಗೇ ಐತಿ."

"ಹುಡುಗನ ಕಾಲು ಹೋಗ್ತತ್ರೀ, ಸಾವ್ಕಾರ್ರೇ."

"ಕಾಲು ಅವಂದು. ಟೀಮು ನಂದು."

ಛೀ! ದೇವಿಯನ್ನು ನಂಬುವವರನ್ನು ಕಂಡಿದ್ದೇನೆ, ನಂಬದವರನ್ನೂ ಕಂಡಿದ್ದೇನೆ. ಅವಳು ಏನು ಹೇಳಬೇಕೆಂದು ಬೆಳಿಗ್ಗೆಯೇ ನಿಗದಿ ಮಾಡಿಟ್ಟು ಸಂಜೆ ಅವಳಿಗೇ ಅಡ್ಡಬೀಳುವವನನ್ನು ಕಂಡದ್ದು ಅದೇ ಮೊದಲು.

ಸಂಜೆ ಸ್ಟೇಡಿಯಂ ಕಿಕ್ಕಿರಿದಿತ್ತು. ಮ್ಯಾಟಿನ ನಡುವೆ ನನ್ನನ್ನು ನಿಲ್ಲಿಸಿ ಹಾರ ಹಾಕಿದರು. ಈ ಸಲ ತಂಬಿಗೆಯಲ್ಲ, ತಾಮ್ರದ ಕೊಡ. ದುರುಗೇಶ ಮಂಡಿಗೆ ಪಟ್ಟಿ ಸುತ್ತಿಕೊಂಡು ಗೆರೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ಉಜ್ಜಿನಪ್ಪ ಮೈಕಿನಲ್ಲಿ, "ತಾಯಿ, ದುರುಗೇಶನ್ನ ಆಟಕ್ಕ ಇಳಿಸ್ಲಾ?" ಎಂದು ಕೇಳಿ ನೀರು ಸುರಿದ.

ನೀರು ಕಿವಿಯಿಂದ, ಕೊಂಬಿನ ಬುಡದಿಂದ, ಹೊಲಿಗೆಯಿಂದ ನುಗ್ಗಿತು. ನನಗೇ ಕೊಡವಬೇಕೆನಿಸಿತು. ಬಕ್ಕೇಶ ಎರಡೂ ಕಾಲು ಅಗಲಿಸಿ ಮ್ಯಾಟಿಗೆ ಊರಿ, ಮುಷ್ಟಿ ಬಿಗಿದು, ಶುರುಮಾಡಿದ. ಕಬಡ್ಡಿ ಕಬಡ್ಡಿ ಕಬಡ್ಡಿ. ತಲೆ ಅಲ್ಲಾಡಲಿಲ್ಲ.

ಇನ್ನೊಮ್ಮೆ ಸುರಿದರು. ಕಬಡ್ಡಿ ಕಬಡ್ಡಿ. ಮತ್ತೊಮ್ಮೆ. ಮೇಲಿನಿಂದ ಯಾರೋ, "ಟಗರಿಗೆ ನಿದ್ದಿ ಹತ್ತೈತೋ!" ಎಂದು ಕೂಗಿದರು. ಉಜ್ಜಿನಪ್ಪ ಮೈಕು ಕೆಳಗಿಳಿಸಿ ನನ್ನ ಕಿವಿಗೆ ಬಾಯಿ ಹಚ್ಚಿದ. "ಕೊಡವಲೇ. ಪಟ್ಟಿ ಕೊಡಾಕ ಐದ್ನಿಮಿಷ ಐತಿ. ನಿನ್ನ ಹೆಸರು ಬ್ಯಾಡೇನು?"

ಬೇಕಿತ್ತು. ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ಬರೀ ಒಂದು ಸಲ ಕತ್ತು ತಿರುಗಿಸಿದ್ದರೆ ಅವನು ಅದೇ ಮ್ಯಾಟಿನ ಮೇಲೆ, ಅದೇ ಸಂಜೆ, ಆಟಗಾರನಾಗಿ ನಿಂತಿರುತ್ತಿದ್ದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಕಬಡ್ಡಿ ಕಬಡ್ಡಿ ನಿಲ್ಲಲಿಲ್ಲ. ಆ ಹೊತ್ತು ಅವನ ತಲೆ ನನ್ನೊಳಗಿತ್ತು ಎನ್ನುವುದಷ್ಟೇ ನನ್ನ ಬಾಳಿನ ದೊಡ್ಡಸ್ತಿಕೆ.

ಆಗ ಉಜ್ಜಿನಪ್ಪ ಕೊಡ ಕೆಳಗಿಟ್ಟು ನನ್ನ ಎರಡೂ ಕೊಂಬು ಹಿಡಿದ. ಹಿಡಿದು ಬಲಕ್ಕೆ ಎಳೆದ, ಎಡಕ್ಕೆ ಎಳೆದ, ಮತ್ತೆ ಬಲಕ್ಕೆ. ಎಡಗೊಂಬಿನ ಬೆತ್ತ ಲಟಕ್ಕೆಂದು ಮುರಿಯಿತು. "ಕೊಡವಿತು! ಅಮ್ಮ ಒಪ್ಪಿದ್ಲು!" ಎಂದು ಮೈಕಿನಲ್ಲಿ ಕೂಗಿದ.

ಸಾವಿರಾರು ಕಣ್ಣು, ಎಂಟು ಕ್ಯಾಮೆರಾ. ಯಾರ ಕೈ ಯಾರ ಕೊಂಬು ಅಲ್ಲಾಡಿಸಿತು ಎಂದು ಕಾಣದವರು ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಗುಟ್ಕಾ, ಎಂಜಲು, ಬೆವರು ಎಲ್ಲ ಸಹಿಸಿದವನು ನಾನು. ಆ ಚಪ್ಪಾಳೆ ಮಾತ್ರ ಈಗ ನೆನೆದರೂ ವಾಕರಿಕೆ ಬರುತ್ತದೆ.

ಬಕ್ಕೇಶ ನನ್ನನ್ನು ಕಳಚಿ ಕಂಕುಳಲ್ಲಿ ಹಿಡಿದುಕೊಂಡ. ಒಳಗಿದ್ದವನು ಯಾರೆಂದು ಊರಿಗೆ ಗೊತ್ತಾದದ್ದು ಆಗಲೇ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವನು ಯಾರನ್ನೂ ನೋಡದೆ ದುರುಗೇಶನ ಹತ್ತಿರ ಹೋದ.

"ನಾ ಕೊಡವಿಲ್ಲ ತಮ್ಮಾ. ನೀ ಇಳೀಬ್ಯಾಡ."

ದುರುಗೇಶ ಬಕ್ಕೇಶನನ್ನು ನೋಡಿದ, ಉಜ್ಜಿನಪ್ಪನನ್ನು ನೋಡಿದ. "ಮನ್ಯಾಗ ಎಲ್ರೂ ಟಿವಿ ಮುಂದ ಕುಂತಾರಣ್ಣ" ಎಂದು ಹೇಳಿ ಮ್ಯಾಟಿಗೆ ಇಳಿದ. ನಾಲ್ಕನೇ ರೈಡಿನಲ್ಲಿ ತಿರುಗುವಾಗ ಎಡಗಾಲು ಅವನ ಮಾತು ಕೇಳಲಿಲ್ಲ. ಬಿದ್ದವನು ಗೆರೆಗೆ ಕೈ ಚಾಚಿದ. ಒಂದು ಗೇಣು ಸಾಲಲಿಲ್ಲ. ಸ್ಟ್ರೆಚರ್ ತಂದರು. ನಾವು ಒಂಬತ್ತು ಪಾಯಿಂಟಿನಿಂದ ಸೋತೆವು. ಪಟ್ಟಿಯಲ್ಲಿ ಹನ್ನೆರಡನೇ ಜಾಗ ಖಾಲಿಯೇ ಇತ್ತು.

ಉಜ್ಜಿನಪ್ಪ ಟಿವಿಯವರಿಗೆ, "ಟಗರು ಮೊದಲನೇ ನೀರಿಗೇ ಕೊಡವಿದ್ರ ಗೆಲ್ತಿದ್ವಿ, ಒಳಗಿದ್ದವನಿಗೆ ಹೊಟ್ಟೆಕಿಚ್ಚು" ಎಂದ. ಊರೂ ಅದನ್ನೇ ನಂಬಿತು. ತಿಂಗಳೊಳಗೆ ದುರುಗೇಶನನ್ನೂ ಕೈಬಿಟ್ಟರು. ಕಬ್ಬು ಹಿಂಡಿದ ಮೇಲೆ ಸಿಪ್ಪೆ ಯಾರಿಗೆ ಬೇಕು?

ಕೊಂಬು ಮುರಿದ ನನ್ನನ್ನು ಯಾರೂ ವಾಪಸು ಕೇಳಲಿಲ್ಲ. ಈಗ ನಾನಿರುವುದು ಬಕ್ಕೇಶ ಹಾಕಿದ ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ, ಗೋಡೆಯ ಮೊಳೆಗೆ ನೇತುಬಿದ್ದು. ಕಂಬಳಿಗೆ ಎಣ್ಣೆ ಹೊಗೆ ಹತ್ತಿ ಜಿಡ್ಡುಗಟ್ಟಿದೆ, ಒಂದು ಕಿವಿಯನ್ನು ಇಲಿ ತಿಂದಿದೆ. ಪರವಾಗಿಲ್ಲ. ಇದು ದುಡಿದು ತಿನ್ನುವವರ ವಾಸನೆ. ದುರುಗೇಶ ಇಲ್ಲೇ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಈರುಳ್ಳಿ ಹೆಚ್ಚುತ್ತಾನೆ. ಆ ಮಂಡಿ ಮತ್ತೆ ಪೂರ್ತಿ ಮಡಚಲು ಬರಲೇ ಇಲ್ಲ.

ಮೊನ್ನೆ ಮೌನೇಶಾಚಾರಿ ಮಿರ್ಚಿ ತಿನ್ನಲು ಬಂದಿದ್ದ. ನನ್ನನ್ನು ನೋಡಿ ಮುಖ ತಗ್ಗಿಸಿ, "ಹೊಸ ತಲೆ ಮಾಡಿಕೊಟ್ಟೆ. ಕುತ್ತಿಗೆದಾಗ ಮೋಟಾರು ಇಡಿಸ್ಯಾರ. ಗುಂಡಿ ಸಾವ್ಕಾರ್ರ ಕಿಸೆದಾಗ" ಎಂದ.

ನಿನ್ನೆ ಹೊಸ ಸೀಸನ್ನು ಶುರುವಾಯಿತು. ಅಂಗಡಿಯ ಟಿವಿಯಲ್ಲಿ ನೋಡಿದೆ. ಎರಡೂ ಕೊಂಬಿನ ಹೊಸ ಟಗರು, ಹೊಸ ಹಾರ, ಅದೇ ಕೊಡ. ಉಜ್ಜಿನಪ್ಪನ ಒಂದು ಕೈ ಕಿಸೆಯಲ್ಲಿತ್ತು. ನೀರು ಬೀಳುವ ಮೊದಲೇ ಟಗರು ತಲೆ ಕೊಡವಿತು. ಸ್ಟೇಡಿಯಂ ಚಪ್ಪಾಳೆ ಹೊಡೆಯಿತು, ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದವರೂ ಹೊಡೆದರು.

ದುರುಗೇಶ ಚಾಕು ಪಕ್ಕಕ್ಕಿಟ್ಟ. "ಅಣ್ಣಾ, ನಮ್ಮದಕ್ಕೂ ಒಂಚೂರು ನೀರು ಹಾಕಿ ನೋಡು."

ಬಕ್ಕೇಶ ನಗಲಿಲ್ಲ. ಲೋಟ ತೆಗೆದುಕೊಂಡು ನನ್ನ ನೆತ್ತಿಗೆ ನೀರು ಎರಚಿದ. ಧೂಳು ಕಲಸಿಕೊಂಡು ಇಳಿದ ನೀರು ಮುರಿದ ಕೊಂಬಿನ ಬುಡದಿಂದ ತೊಟ್ಟಿಕ್ಕಿತು. ಇಬ್ಬರೂ ನನ್ನನ್ನೇ ನೋಡುತ್ತ ನಿಂತರು.

ನಾನು ಅಲ್ಲಾಡಲಿಲ್ಲ. ಮೋಟಾರಿಲ್ಲದ ತಲೆ, ತಾನಾಗಿ ಅಲ್ಲಾಡಲು ಬರುವುದಿಲ್ಲ, ಒಪ್ಪಿದೆ. ಬರುತ್ತಿದ್ದರೂ ಅಲ್ಲಾಡುತ್ತಿರಲಿಲ್ಲ.