ಅಮ್ಮನ ಫೋಲ್ಡರ್

ಭಾವನ ಮನೆಯ ಮೆಟ್ಟಿಲು ಇನ್ನು ತುಳಿಯುವುದಿಲ್ಲ ಎಂದು ಅಕ್ಕ ತೀರಿಕೊಂಡ ವಾರವೇ ಹೇಳಿ ಬಂದಿದ್ದೆ. ಹೇಳಿದ್ದೇನು ಬಂತು, ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಅವರಿಗೂ ನನಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಎರಡು ಮಾತು ಆಡಬೇಕಾದ ಕಡೆ ಅವರು ಅರ್ಧ ಆಡುತ್ತಾರೆ, ಅರ್ಧ ಸಾಕಾದ ಕಡೆ ನಾನು ಹತ್ತು ಆಡುತ್ತೇನೆ. ಅಂಥವಳು ವರ್ಷ ಕಳೆದ ಮೇಲೆ ಅದೇ ಬಾಗಿಲು ತಟ್ಟಿದ್ದು ಅಕ್ಕನ ಮಗಳು ಫೋನ್ ಮಾಡಿ ಅತ್ತಿದ್ದಕ್ಕೆ.

“ಚಿಕ್ಕಮ್ಮ, ಅಮ್ಮನ ವಿಡಿಯೋ ಎಲ್ಲಾ ಆ ಸರ್ವರಲ್ಲೇ ಇದ್ವು. ಡಿಸ್ಕ್ ಹೋಗಿದೆ, ಇನ್ನೇನೂ ಸಿಗಲ್ಲ ಅಂತಾರೆ ಅಪ್ಪ. ನಂಗೆ ಅಮ್ಮನ ಧ್ವನೀನೇ ಮರ್ತು ಹೋಗ್ತಿದೆ.”

ಅಕ್ಕ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಸೀಟಿ ಮನೆಯಲ್ಲೇ ಮರೆತು ಹೋದ ದಿನವೂ ಅವಳಿಗೆ ತೊಂದರೆಯಿರಲಿಲ್ಲ. ಒಮ್ಮೆ ಗದರಿದರೆ ಮೈದಾನದಾಚೆ ರಸ್ತೆಯಲ್ಲಿ ಹೋಗುವವರೂ ಸಾಲಾಗಿ ನಿಂತುಬಿಡಬೇಕು, ಅಂಥ ಗಂಟಲು. ರೋಗ ಬಂದದ್ದೂ ಆ ಗಂಟಲಿಗೇ. ಆಪರೇಷನ್ ಆದ ಮೇಲೆ ಕೊನೆಯವರೆಗೂ ಅವಳು ಒಂದು ಮಾತೂ ಆಡಲಿಲ್ಲ. ಹಾಗಾಗಿ ಅವಳ ಧ್ವನಿ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಭಾವ ಮನೆಯಲ್ಲೇ ಇಟ್ಟುಕೊಂಡಿದ್ದ ಆ ಸರ್ವರಿನಲ್ಲೇ. ಮನೆಯ ಫೋಟೋಗಳು ಯಾವುದೋ ಕಂಪನಿಯವರ ಕಪಾಟಿನಲ್ಲಿ ಯಾಕಿರಬೇಕು ಎಂದು ಎಲ್ಲರ ಫೋನನ್ನೂ ಅದರೊಳಗೆ ಸುರಿದು, ಫೋನ್ ಖಾಲಿ ಮಾಡಿಡುವುದು ಆ ಮನೆಯ ಪದ್ಧತಿ.

ಕೆಟ್ಟ ಡಿಸ್ಕಿನಿಂದ ಕಡತ ಎತ್ತುವುದು ನನ್ನ ಹೊಟ್ಟೆಪಾಡು. ಶನಿವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೋದೆ. ಭಾವ ಬಾಗಿಲು ತೆಗೆದು, “ಬಾ” ಎಂದರು, ಅಷ್ಟೇ. ಆಮೇಲೆ ಅಡುಗೆಮನೆ ಸೇರಿಕೊಂಡರು.

ಸರ್ವರ್ ಮಹಡಿ ಮೆಟ್ಟಿಲ ಕೆಳಗೆ, ಹಳೇ ಬೂಟುಗಳ ಪಕ್ಕದಲ್ಲಿತ್ತು. ಮೈಮೇಲೆ ಧೂಳು, ಪ್ಲಗ್ ಕಿತ್ತು ಪಕ್ಕಕ್ಕೆ ಸುತ್ತಿಟ್ಟಿತ್ತು. ಒಳಗೆ ನಾಲ್ಕು ಡಿಸ್ಕು. ಚಾಲೂ ಮಾಡಿದರೆ ಮೂರಕ್ಕೆ ಹಸಿರು ದೀಪ, ಎರಡನೆಯದಕ್ಕೆ ಕೆಂಪು. ದೀಪವನ್ನು ನಾನು ನಂಬುವುದಿಲ್ಲ. ಕೇಬಲ್ ಬದಲಿಸಿದೆ. ಡಿಸ್ಕನ್ನೇ ತೆಗೆದು ಬೇರೆ ಗೂಡಿನಲ್ಲಿಟ್ಟು ನೋಡಿದೆ. ಕೆಂಪು ದೀಪವೂ ಜೊತೆಗೇ ಹೊರಟು ಬಂತು, ಅಂದರೆ ಗೂಡಿನದಲ್ಲ, ಡಿಸ್ಕಿನದೇ ತಪ್ಪು. ಕಿವಿ ಹಚ್ಚಿದರೆ ಒಳಗೆ ಟಕ್ ಟಕ್ ಸದ್ದು. ಅದರ ಕಥೆ ಮುಗಿದಿತ್ತು.

ನನಗೆ ನಗು ಬಂತು. “ಮರಿ, ನಿಮ್ಮಪ್ಪನಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು? ನಾಲ್ಕರಲ್ಲಿ ಒಂದು ಸತ್ರೆ ಏನೂ ಹೋಗಲ್ಲ. ಉಳಿದ ಮೂರೂ ಸೇರಿ ಅದ್ರಲ್ಲಿದ್ದಿದ್ದನ್ನ ಮತ್ತೆ ಕಟ್ಟಿ ಕೊಡ್ತವೆ. ಇವತ್ತು ಸಾಯಂಕಾಲ ನಿಮ್ಮಮ್ಮನ ಹತ್ರ ಬೈಸ್ಕೊಳ್ಳೋಕೆ ರೆಡಿಯಾಗು.”

ಹುಡುಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

ಮೊದಲು ಉಳಿದ ಮೂರು ಡಿಸ್ಕುಗಳ ಪಡಿಯಚ್ಚು ತೆಗೆದಿಟ್ಟುಕೊಂಡೆ. ಅದಿಲ್ಲದೆ ನಾನು ಯಾವ ಪೆಟ್ಟಿಗೆಗೂ ಕೈ ಹಚ್ಚುವುದಿಲ್ಲ. ಆಮೇಲೆ ಪಡಿಯಚ್ಚುಗಳಿಂದಲೇ ಎಲ್ಲವನ್ನೂ ಜೋಡಿಸಿ ತೆರೆದೆ. ಅಷ್ಟರಲ್ಲಿ ಬಿಸಿಲು ಇಳಿದಿತ್ತು. ಕಡತಗಳು ಒಂದೊಂದಾಗಿ ಬಂದವು. ಫ್ರಿಜ್ಜಿನ ಗ್ಯಾರಂಟಿ ಕಾರ್ಡು, ಕಾರಿನ ವಿಮೆ, ಭಾವ ನೋಡದೆ ಕೂಡಿಟ್ಟ ಫುಟ್ಬಾಲ್ ಪಂದ್ಯಗಳು, ಹುಡುಗಿಯ ಒಂದನೇ ಕ್ಲಾಸಿನ ಅಂಕಪಟ್ಟಿ, ಎಲ್ಲ ಇದ್ದವು. “ಅಮ್ಮ” ಅನ್ನುವ ಫೋಲ್ಡರ್ ಮಾತ್ರ ಇರಲಿಲ್ಲ.

ಡಿಸ್ಕು ಸಾಯುವಾಗ ಆರಿಸಿಕೊಂಡು ನುಂಗುವುದಿಲ್ಲ. ಇದು ಕೈಯಿಂದ ಅಳಿಸಿದ್ದು. ಪರವಾಗಿಲ್ಲ ಅಂದುಕೊಂಡೆ, ಯಾಕೆಂದರೆ ಅಳಿಸಿದರೂ ಚೂರುಪಾರು ಉಳಿದಿರುತ್ತದೆ. ಅರ್ಧ ಚಿತ್ರ, ತುಂಡು ಧ್ವನಿ, ಏನಾದರೂ. ಅದನ್ನು ಹೆಕ್ಕುವುದೇ ನನ್ನ ಕೆಲಸ. ಖಾಲಿ ಜಾಗವನ್ನೆಲ್ಲ ಜಾಲಾಡಿದೆ. ಮೊದಲಿಂದ ಕೊನೆಯವರೆಗೆ ಬರೀ ಸೊನ್ನೆ. ಯಾರೋ ಕೂತು ಬೇಕೆಂದೇ ಸೊನ್ನೆ ತುಂಬಿದ್ದರು, ನನ್ನಂಥವರಿಗೂ ಏನೂ ಸಿಗಬಾರದು ಎಂದು.

“ಯಾಕೆ ಚಿಕ್ಕಮ್ಮ, ಏನೂ ಸಿಗ್ಲಿಲ್ವಾ?”

ತಡೆದುಕೊಳ್ಳಬೇಕಿತ್ತು. ಆದರೆ ಕೋಪ ಬಂದಾಗ ನನಗೆ ಎದುರಿಗಿರುವವರು ಕಾಣಿಸುವುದಿಲ್ಲ. “ಡಿಸ್ಕ್ ಕೆಟ್ಟಿದ್ದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ಮರಿ. ಯಾರೋ ಅಳಿಸಿದಾರೆ. ಗುರುತೇ ಸಿಗದ ಹಾಗೆ ಒರೆಸಿ ಹಾಕಿದಾರೆ.”

ಆ ಮನೆಯಲ್ಲಿ ಉಳಿದವರೇ ಅವಳು, ಅವಳಪ್ಪ ಇಬ್ಬರು. ಅವಳು ನನ್ನ ಮುಖ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ಆಮೇಲೆ ಎದ್ದು ಮಹಡಿ ಹತ್ತಿ ಬಾಗಿಲು ಬಡಿದುಕೊಂಡಳು.

ನಾನು ಅಡುಗೆಮನೆಗೆ ನುಗ್ಗಿದೆ. ಭಾವ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಹೆಂಡತಿ ಹೋಗಿ ಒಂದೇ ವರ್ಷ, ಆಗಲೇ ಗೋಡೆಗೆ ಸುಣ್ಣ ಹೊಡೆಸಿದ ಹಾಗೆ ಅವಳನ್ನೂ ಅಳಿಸಿದಿರಾ, ಹೊಸಬಳು ಬರುವುದಕ್ಕೆ ಜಾಗ ಮಾಡಿದಿರಾ ಎಂದೆ. ಅವರು ನಲ್ಲಿ ನಿಲ್ಲಿಸಿ ಮೇಲಿನ ಬಾಗಿಲು ಮುಚ್ಚಿದೆಯೇ ಎಂದು ಬಗ್ಗಿ ನೋಡಿದರು.

“ನಿಮ್ಮಕ್ಕಾನೇ ಅಳಿಸಿದ್ದು,” ಎಂದರು.

“ಸತ್ತವಳ ತಲೆಗೆ ಕಟ್ತೀರಾ?”

“ಮೆಲ್ಲಗೆ ಮಾತಾಡು, ಅವ್ಳಿಗೆ ಕೇಳಿಸುತ್ತೆ.” ಅವರು ಕುರ್ಚಿಯಲ್ಲಿ ಕೂತರು. ಆವತ್ತು ಅವರು ಆಡಿದಷ್ಟು ಮಾತು ಅದುವರೆಗೆ ನಾನು ಅವರ ಬಾಯಿಂದ ಕೇಳಿರಲಿಲ್ಲ. “ಆಪರೇಷನ್ ಆದ್ಮೇಲೆ ಹುಡುಗಿ ಅವ್ಳ ಕೋಣೆಗೆ ಹೋಗ್ತಿರ್ಲಿಲ್ಲ. ಹೆದರ್ಕೊಂಡಿತ್ತು. ಗಂಟಲಲ್ಲಿ ತೂತು, ನಳಿಗೆ, ಆ ಉಸಿರಿನ ಸದ್ದು. ಪಕ್ಕದ ಕೋಣೇಲಿ ಬಾಗ್ಲು ಹಾಕ್ಕೊಂಡು ಹಳೇ ವಿಡಿಯೋ ನೋಡ್ತಾ ಕೂತಿರೋದು. ಸೈಕಲ್ ಕಲಿಸಿದ್ದು, ಈಜು ಕಲಿಸಿದ್ದು. ನಿಮ್ಮಕ್ಕ ಈ ಕಡೆ ಮಲ್ಗಿ, ಗೋಡೆ ಆ ಕಡೆ ತನ್ನದೇ ಧ್ವನಿ ನಗೋದನ್ನ ಕೇಳಿಸ್ಕೊಬೇಕು. ದಿನಾ.”

ನಾನು ಬಾಗಿಲಿಗೆ ಒರಗಿಕೊಂಡೆ.

“ಒಂದಿನ ಬರ್ದು ತೋರಿಸಿದ್ಳು, ‘ಅವ್ಳು ಹೋದ್ರೆ ನನ್ನ ಮಗು ನನ್ನ ಹತ್ರ ಬರತ್ತೆ’ ಅಂತ. ಅವ್ಳು ಅಂದ್ರೆ ಯಾರು ಅಂತ ನಂಗೆ ಮೊದ್ಲು ತಿಳೀಲಿಲ್ಲ. ಆ ವಿಡಿಯೋದಲ್ಲಿ ನಗ್ತಿದ್ದ ಅವ್ಳೇ. ನಾನು ಬೇಡ ಅಂದೆ, ಸುಮ್ನೆ ಬಚ್ಚಿಡೋಣ ಅಂದೆ. ಕೇಳ್ಲಿಲ್ಲ. ಬಚ್ಚಿಟ್ರೆ, ಬರೀ ಅಳಿಸಿದ್ರೆ, ನನ್ನ ತಂಗಿ ಬಂದು ತೆಗ್ದು ಕೊಡ್ತಾಳೆ ಅಂತ ಬರೆದ್ಳು. ಪೂರ್ತಿ ಅಳಿಸೋದು ಹೇಗೆ ಅಂತ ನಿಂಗೇ ಮೆಸೇಜ್ ಮಾಡಿ ಕೇಳಿದ್ಳಲ್ಲ, ನೆನಪಿಲ್ವಾ?”

ನೆನಪಾಯಿತು. ಹಳೇ ಕಂಪ್ಯೂಟರ್ ಮಾರಬೇಕು, ಕೊಂಡವರಿಗೆ ಏನೂ ಸಿಗದ ಹಾಗೆ ಅಳಿಸುವುದು ಹೇಗೆ ಎಂದು ಕೇಳಿದ್ದಳು. ಆಸ್ಪತ್ರೆ, ಔಷಧಿ ಬಿಟ್ಟು ಅಕ್ಕ ಬೇರೆ ಏನೋ ಕೇಳಿದಳಲ್ಲ ಎಂದು ಖುಷಿಯಿಂದ, ಮಗುವಿಗೆ ಹೇಳಿಕೊಡುವ ಹಾಗೆ ಒಂದೊಂದೇ ಸಾಲು ಬರೆದು ಕಳಿಸಿದ್ದೆ. ಕೆಲಸ ಮುಗಿಯಲು ಇಡೀ ದಿನ ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡ ಎಂದೂ ಹೇಳಿದ್ದೆ.

“ಅದು ನಡೀತಿರುವಾಗ್ಲೇ ಒಂದು ಡಿಸ್ಕ್ ಸದ್ದು ಮಾಡೋಕೆ ಶುರುವಾಯ್ತು. ಹುಡುಗಿಗೆ ಹೇಳೋಕೆ ನಂಗೊಂದು ನೆಪ ಸಿಕ್ತು,” ಎಂದರು ಭಾವ.

“ಆಮೇಲೆ ಬಂದ್ಳಾ ಅಕ್ಕನ ಹತ್ರ?”

“ಬಂದ್ಳು. ಬಾಗ್ಲಲ್ಲೇ ನಿಂತು, ‘ಅಮ್ಮ, ನಿನ್ನ ವಿಡಿಯೋ ಎಲ್ಲಾ ಹೋಯ್ತಂತೆ’ ಅಂತ ಅತ್ಳು. ನಿಮ್ಮಕ್ಕ ಕೈ ಚಾಚಿದ್ಳು. ಹುಡುಗಿ ನೋಡಿ, ವಾಪಸ್ ಹೋಗ್ಬಿಟ್ಳು. ಅದಾಗಿ ಹತ್ತು ದಿನಕ್ಕೆ...” ಅವರು ತಟ್ಟೆ ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದರು. “ಇದನ್ನ ಅವ್ಳಿಗೆ ಹೇಗೆ ಹೇಳ್ಲಿ, ಹೇಳು.”

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಸತ್ತವಳ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ಗೊತ್ತಿರಲಿಲ್ಲ. ಅತ್ತೂ ಬಿಟ್ಟೆ.

ಮಹಡಿಯ ಬಾಗಿಲು ತೆರೆಯಿತು. ಹುಡುಗಿ ಇಳಿದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಕಣ್ಣು ಊದಿದ್ದವು. ನನ್ನನ್ನಲ್ಲ, ಅಪ್ಪನನ್ನೇ ನೋಡುತ್ತಿದ್ದಳು.

“ಯಾರು ಅಳಿಸಿದ್ದು?”

ನಾನು ಬಾಯಿ ತೆರೆದೆ. ಏನೋ ಒಂದು ಸುಳ್ಳು ಹೊಲಿಯಬೇಕಿತ್ತು, ಹೊಳೆಯಲಿಲ್ಲ. ಕೈಯಿಂದ ಅಳಿಸಿದ್ದು ಎಂದು ಘಂಟಾಘೋಷವಾಗಿ ಹೇಳಿದವಳು ನಾನೇ.

“ನಾನೇ,” ಎಂದರು ಭಾವ.

“ಯಾಕಪ್ಪಾ?”

“ನಂಗೆ ನೋಡೋಕಾಗ್ತಿರ್ಲಿಲ್ಲ.”

ಅವಳು ಕೂಗಾಡುತ್ತಾಳೆ, ತಟ್ಟೆ ಎಸೆಯುತ್ತಾಳೆ ಎಂದುಕೊಂಡೆ. ಹಾಗೇನೂ ಮಾಡಲಿಲ್ಲ. “ಚಿಕ್ಕಮ್ಮ, ನಾನು ನಿನ್ನ ಜೊತೆ ಬರ್ತೀನಿ,” ಎಂದು ಬಟ್ಟೆ ತುಂಬಿಕೊಳ್ಳಲು ಹೋದಳು. ನಾನು ಭಾವನ ಕಡೆ ನೋಡಿದೆ. ಅವರು ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ಹೇಳಬೇಡ ಎಂದು.

ಗೇಟಿನವರೆಗೆ ಅವಳ ಚೀಲ ಅವರೇ ಹೊತ್ತು ತಂದರು. ಅವಳು ಕೈ ತಾಗದ ಹಾಗೆ ಅದನ್ನು ಇಸಿದುಕೊಂಡಳು. “ಫೋನ್ ಚಾರ್ಜರ್ ಮರ್ತಿದೀಯ,” ಎಂದು ಟ್ಯಾಕ್ಸಿಯ ಕಿಟಕಿಯೊಳಗೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ, ನಾನೇ ತೆಗೆದುಕೊಂಡೆ.

ಟ್ಯಾಕ್ಸಿ ದೊಡ್ಡ ರಸ್ತೆ ಸೇರಿತು. ಅವಳು ನನ್ನ ಭುಜಕ್ಕೆ ಒರಗಿ ಕೇಳಿದಳು.

“ಅಪ್ಪ ಇಂಥವ್ರು ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ವಾ ಚಿಕ್ಕಮ್ಮ?”

“ಹೂಂ,” ಎಂದೆ.