ಬದುಕಿರುವವನ ಹೆಸರು

ಎಂಟನೇ ದಿನ ಸುನ್ನತಿಯ ಹೊತ್ತಿಗೆ ಕೂಗಿ ಹೇಳುವ ತನಕ ಗಂಡುಕೂಸಿನ ಹೆಸರನ್ನು ಯಾರೂ ಬಾಯಿಬಿಡಬಾರದು. ಅಫುಲಾ ಊರಿನ ಯಹೂದಿಗಳಲ್ಲಿ ಇದು ಗೊತ್ತಿಲ್ಲದವರಿಲ್ಲ. ಆದರೆ ಬ್ಲುಮಾ ಐದು ದಿನ ಮೊದಲೇ ಕೇಳಿಸಿಕೊಂಡುಬಿಟ್ಟಳು. ಕದ್ದು ಕೇಳಿದೆ ಎಂದರೆ ಅವಳು ಒಪ್ಪುವವಳಲ್ಲ. ಮಗನ ಮನೆಯ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು, ಅವಳು ಒಣಗಿದ ಬಟ್ಟೆ ಹಿಡಿದು ಅಲ್ಲಿ ನಿಂತಿದ್ದಳು, ಅಷ್ಟೇ.

ಒಳಗೆ ಸೊಸೆ ಫ್ರೇಡಾ ಕೂಸಿನ ಮೈ ಒರೆಸುತ್ತ, "ಕಾಲು ಕೊಡೋ ಅವಿಶೂರ್. ಈಗಲೇ ಎಷ್ಟು ಹಟ ನೋಡು ನಿಂಗೆ" ಎಂದಳು.

ಬ್ಲುಮಾ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಹೇಳದೆ ಕೇಳದೆ ತನ್ನ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತುಬಿಟ್ಟಳು. ಅವಿಶೂರ್ ಅವಳ ಗಂಡನ ಹೆಸರು.

ಎಲ್ಲೆಂದರಲ್ಲಿ ಸಿಗುವ ಹೆಸರೂ ಅಲ್ಲ ಅದು. ಧರ್ಮಗ್ರಂಥದ ವಂಶಾವಳಿಯ ಮೂಲೆಯಲ್ಲಿ ಒಂದೆರಡು ಸಲ ತಲೆಹಾಕಿ ಮರೆಯಾಗುವ ಹೆಸರು. 'ನನ್ನ ತಂದೆ ಗೋಡೆ' ಎಂದು ಅದರ ಅರ್ಥ. ಆಗಿನ್ನೂ ಮೊರೊಕ್ಕೊದ ಬೆಟ್ಟದೂರಿನಲ್ಲಿದ್ದ ಮಾವ ಮಖ್ಲೂಫ್, ಮೊದಲಿನ ಎರಡು ಕೂಸುಗಳನ್ನು ಮಣ್ಣಿಗಿಟ್ಟ ಮೇಲೆ, ಮೂರನೆಯದಕ್ಕೆ ಸಾವು ದಾಟಿ ಬರದಂಥ ಹೆಸರು ಬೇಕೆಂದು ಹುಡುಕಿ ತೆಗೆದಿದ್ದ. ಶಾಲೆಯಲ್ಲಿ ಹುಡುಗರು ಅವಿಶೂರ್‌ನನ್ನು ಗೋಡೆ ಎಂದೇ ಕರೆದು ಚೆಂಡು ಎಸೆಯುತ್ತಿದ್ದರಂತೆ. ಒಮ್ಮೆ ಮಗ ಯೋತಾಮ್ ಫೋನಿನಲ್ಲಿ ಯಾವ ಹೆಸರಿನವರು ದೇಶದಲ್ಲಿ ಎಷ್ಟು ಮಂದಿ ಎಂದು ನೋಡುತ್ತ ಕೂತಿದ್ದಾಗ, ಈ ಹೆಸರಿನ ಮುಂದೆ ಸಂಖ್ಯೆಯೇ ಬರಲಿಲ್ಲ. "ನೋಡಿದ್ಯಾ ಬ್ಲುಮಾ, ನಾನು ಲೆಕ್ಕಕ್ಕೇ ಇಲ್ಲ" ಎಂದು ಅವಿಶೂರ್ ನಕ್ಕಿದ್ದ.

ಅಂಥ ಹೆಸರಿನಿಂದ ಈಗ ಕೂಸನ್ನು ಕರೆದರೆ ಬ್ಲುಮಾಗೆ ದಿಗಿಲಾಗದೆ ಇರುತ್ತದೆಯೇ? ಮೊರೊಕ್ಕೊದವರು ಬದುಕಿರುವ ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುತ್ತಾರೆ, ಅದು ಅಜ್ಜನಿಗೆ ಮರ್ಯಾದೆ ಎನ್ನುತ್ತಾರೆ. ಅದು ಅವಳಿಗೆ ಗೊತ್ತು. ಆದರೆ ಅವಳ ತವರಿನವರು ರುಮೇನಿಯಾದವರು. ಅವರಲ್ಲಿ ಸತ್ತವರ ಹೆಸರು ಮಾತ್ರ ಇಡುವುದು. ಬದುಕಿರುವವನ ಹೆಸರಿಟ್ಟರೆ ಸಾವಿನ ದೂತ ಬಂದು ಯಾರನ್ನು ಒಯ್ಯಬೇಕೆಂದು ತಿಳಿಯದೆ, ಕೈಗೆ ಸಿಕ್ಕವರನ್ನು ಒಯ್ಯುತ್ತಾನೆ. ಪೋಲೆಂಡಿನ ಕಡೆಯ ಸೊಸೆ ಅವಳಿಗಿಂತ ಒಂದು ಕೈ ಹೆಚ್ಚು. ಅವರ ಮನೆಯಲ್ಲಿ ಸತ್ತವರ ಹೆಸರಿಲ್ಲದ ಒಂದು ಬೆಕ್ಕೂ ಇಲ್ಲ. ಅಂಥವಳು ಈ ಹೆಸರಿಗೆ ಒಪ್ಪಿದ್ದಾಳೆಂದರೆ ಕಾರಣ ಒಂದೇ. ಅವಿಶೂರ್ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆ. ಡಾಕ್ಟರು ಏನೋ ಹೇಳಿದ್ದಾರೆ, ಎಲ್ಲರೂ ಸೇರಿ ಅವಳಿಂದ ಮುಚ್ಚಿಟ್ಟಿದ್ದಾರೆ.

ಕಳೆದ ಚಳಿಗಾಲದಲ್ಲಿ ಅವಿಶೂರ್‌ನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಆಗ ಎಲ್ಲ ಸರಿಹೋಯಿತು ಎಂದಿದ್ದರು. ಸರಿಹೋಗಿದ್ದರೆ ಮೊನ್ನೆ ಅಪ್ಪ ಮಗ ಇಬ್ಬರೇ ಆಸ್ಪತ್ರೆಗೆ ಹೋದದ್ದು ಯಾಕೆ? "ನೀನು ಬೇಡ, ಬಿಸಿಲು" ಎಂದು ಅವಳನ್ನು ಬಿಟ್ಟುಹೋಗಿದ್ದರು. ಬಿಸಿಲಂತೆ. ನಲವತ್ತು ವರ್ಷ ಅಂಗಡಿಯಲ್ಲಿ ಸೂರ್ಯಕಾಂತಿ ಬೀಜ ಹುರಿಯುವ ಬಾಣಲೆಯ ಮುಂದೆ ಗಂಡನ ಜೊತೆ ಬೆಂದವಳಿಗೆ ಬಿಸಿಲಿನ ಮಾತು ಹೇಳುತ್ತಾರೆ.

ಅನುಮಾನ ಒಂದು ಸಲ ಮನೆಯೊಳಗೆ ಬಂದರೆ ತಾನೇ ಕುರ್ಚಿ ಎಳೆದುಕೊಂಡು ಕೂರುತ್ತದೆ. ಮರುದಿನ ಬೆಳಿಗ್ಗೆ ಅವಿಶೂರ್ ತನ್ನ ಪ್ರಾರ್ಥನೆಯ ಶಾಲನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಬಾಲ್ಕನಿಯಲ್ಲಿ ಹರವಿದ. ಅದೇ ಶಾಲಿನಲ್ಲಿ ಸುತ್ತಿ ತಾನೇ ಗಂಡಸರನ್ನು ಮಣ್ಣುಮಾಡುವುದು. ಅವಳು ಕಿಟಕಿಯಿಂದ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವನು ಅಂಗಡಿ ಬೀಗದ ಕೈಯನ್ನು ಪಕ್ಕದ ಅಂಗಡಿಯವನಿಗೆ ಕೊಟ್ಟು ಬಂದ. ಒಂದು ದಿನವೂ ಅಂಗಡಿ ಬಿಟ್ಟಿರದ ಮನುಷ್ಯ.

ಅವಳು ಮೇಲಿನ ಮಹಡಿಗೆ ಹತ್ತಿದಳು. ಅಲ್ಲಿ ಅವಿಶೂರ್‌ನ ತಂಗಿ ಸೋಲಿಕಾ ಇದ್ದಾಳೆ. ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಕಪ್ಪು ಕೋಟಿನ ಪಕ್ಕೆ ಬಿಚ್ಚುತ್ತಿದ್ದಳು. ಅವಿಶೂರ್‌ನ ಮದುವೆಯ ಕೋಟು ಅದು.

"ಯಾರ ಕೋಟು?" ಎಂದಳು ಬ್ಲುಮಾ, ಗೊತ್ತಿಲ್ಲದವಳ ಹಾಗೆ.

"ಅಣ್ಣಂದು. ಸಡಿಲ ಆಗಿದ್ಯಂತೆ. ಎಷ್ಟು ಇಳಿದುಹೋಗಿದ್ದಾನೆ ನೋಡತ್ತಿಗೆ. ಊಟ ಹಾಕ್ತೀಯೋ ಇಲ್ವೋ?"

"ಕೋಟು ಈಗ್ಯಾಕೆ ಬೇಕಾಯ್ತು?"

"ಹಾಕ್ಕೊಳ್ಳೋಕೆ. ಕೋಟಿನಲ್ಲಿ ಮೀನು ಹಿಡೀತಾರಾ?"

"ಸೋಲಿಕಾ, ನನ್ನ ಮುಖ ನೋಡಿ ಹೇಳು. ಡಾಕ್ಟ್ರು ಏನಂದ್ರು?"

ಸೋಲಿಕಾ ದಾರ ಕಚ್ಚಿ ಕತ್ತರಿಸಿದಳು. "ನಂಗೇನು ಗೊತ್ತು? ನಿನ್ನ ಗಂಡನ್ನ ಕೇಳು" ಎಂದು ಮುಖ ತಿರುಗಿಸಿದಳು. ಗೊತ್ತಿಲ್ಲದವಳು ಮುಖ ತಿರುಗಿಸುತ್ತಾಳೆಯೇ? ಇವಳೂ ಅವರ ಕಡೆಯವಳೇ ಎಂದುಕೊಂಡು ಬ್ಲುಮಾ ಇಳಿದು ಬಂದಳು.

ಸಂಜೆ ಊಟದ ಹೊತ್ತಿಗೆ ಗಂಡನನ್ನೇ ಕೆದಕಿ ನೋಡಿದಳು.

"ಎದೆ ನೋವಿದ್ಯಾ?"

"ಇಲ್ಲ."

"ಇದ್ರೆ ಹೇಳ್ತೀಯಾ?"

"ನೋಯೋಕೂ ಪುರುಸೊತ್ತು ಬೇಕಲ್ಲ, ನೀನು ಎಲ್ಲಿ ಬಿಡ್ತೀಯ?" ಎಂದು ಅವನು ನಕ್ಕ. ಆದರೆ ಬಲಗೈಯನ್ನು ಮೇಜಿನ ಕೆಳಗಿಟ್ಟುಕೊಂಡು ಎಡಗೈಯಲ್ಲಿ ಸೂಪು ಕುಡಿಯುತ್ತಿದ್ದ. ಅದನ್ನೂ ಅವಳು ನೋಡಿದಳು. ಕೇಳಿ, ಅವನು ಹೌದು ಎಂದುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ಹೆದರಿಕೆಯಾಗಿತ್ತು.

ಎಂಟನೇ ದಿನ ಬೆಳಿಗ್ಗೆ ಸಭಾಮಂದಿರದ ಹಿಂದಿನ ಕೋಣೆಯಲ್ಲಿ ಮೀನಿನ ತಟ್ಟೆಗಳನ್ನು ಜೋಡಿಸುತ್ತಿದ್ದಾಗ ಯೋತಾಮ್ ಒಳಗೆ ಬಂದ. ಹಿಂದೆಯೇ ಫ್ರೇಡಾ ಕೂಸನ್ನೆತ್ತಿಕೊಂಡು ಬಂದಳು. ಬ್ಲುಮಾ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಹೆಸರು ನಂಗೆ ಗೊತ್ತು" ಎಂದಳು. "ಬಚ್ಚಲಲ್ಲಿ ಕೇಳಿಸ್ಕೊಂಡೆ. ಈಗ ಹೇಳಿ, ನಿಮ್ಮಪ್ಪನಿಗೆ ಇನ್ನೆಷ್ಟು ದಿನ ಅಂದ್ರು ಡಾಕ್ಟ್ರು?"

ಯೋತಾಮ್ ಪೆಚ್ಚಾಗಿ ಹೆಂಡತಿಯ ಮುಖ ನೋಡಿದ. "ಅಮ್ಮ, ಏನು ಹೇಳ್ತಿದ್ದೀಯ?"

"ನಾಟಕ ಬೇಡ. ಆಸ್ಪತ್ರೆಗೆ ಯಾಕೆ ಹೋಗಿದ್ರಿ?"

"ಅಪ್ಪನ ಕೈ ನಡುಗತ್ತೆ ಅಂತ. ಸುನ್ನತಿ ಹೊತ್ತಲ್ಲಿ ಮಗೂನ ಮಡಿಲಲ್ಲಿ ಹಿಡ್ಕೊಳ್ಳೋ ಮರ್ಯಾದೆ ಅಜ್ಜಂದು ತಾನೇ? ನಡುಗಿದ್ರೆ ಹೇಗೆ ಅಂತ ಅವ್ನಿಗೆ ಭಯ. ಮಾತ್ರೆ ಬದಲಾಯಿಸಿದ್ರು, ಈಗ ವಾಸಿ. ನಿಂಗೆ ಹೇಳಬೇಡ ಅಂದ. ಹೇಳಿದ್ರೆ ಆ ಮರ್ಯಾದೆನ ಬೀಗರಿಗೆ ಕೊಟ್ಟುಬಿಡ್ತೀಯ ಅಂತ."

ಖಂಡಿತ ಕೊಟ್ಟುಬಿಡುತ್ತಿದ್ದಳು ಬ್ಲುಮಾ. ಶಾಲು, ಕೋಟು, ಬೀಗದ ಕೈ ಎಲ್ಲ ಇವತ್ತಿನ ದಿನಕ್ಕೇ ಎಂದು ಈಗ ಹೊಳೆಯಿತು. ಆದರೂ ಅನುಮಾನ ಕುರ್ಚಿ ಬಿಟ್ಟು ಏಳಲಿಲ್ಲ. ಅವಳು ಸೊಸೆಯ ಕಡೆ ತಿರುಗಿದಳು.

"ಇವ್ನು ಸರಿ, ಮೊರೊಕ್ಕೊದೋನ ಮಗ. ನೀನು ಹೇಗೆ ಒಪ್ಕೊಂಡೆ? ನಿಮ್ಮ ಕಡೆಯೋರು ಯಾರು ಬದುಕಿರೋರ ಹೆಸರು ಇಡ್ತಾರೆ?"

ಫ್ರೇಡಾ ಕೂಸಿನ ಟೋಪಿ ಸರಿಮಾಡಿದಳು. "ಈ ಹೆಸರು ಬೇಕು ಅಂತ ಇವ್ರು ಕೇಳ್ಲಿಲ್ಲ ಅತ್ತೆ. ಕೇಳಿದ್ದು ನಾನೇ" ಎಂದಳು. "ನಂಗೆ ಇಟ್ಟಿದ್ದು ಯಾರ ಹೆಸರು ಅಂತ ಗೊತ್ತಲ್ಲ ನಿಮ್ಗೆ. ಪೋಲೆಂಡಿನಲ್ಲಿ ಸತ್ತ ಒಂಬತ್ತು ವರ್ಷದ ಹುಡುಗಿ. ನಾನು ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನ ಫ್ರೇಡಾ ಅಂತ ಕೂಗಿದ್ರೆ ಅವಳ ಕಣ್ಣು ಮಾತ್ರ ಗೋಡೆ ಮೇಲಿನ ಆ ಹುಡುಗಿ ಫೋಟೋ ಕಡೆ ಹೋಗ್ತಿತ್ತು. ನಾನು ಎದುರಿಗೇ ನಿಂತಿರ್ತಿದ್ದೆ. ನನ್ನ ಮಗನ ಹೆಸರು ಕೂಗಿದಾಗ ಫೋಟೋ ಬೇಡ. ಬದುಕಿರೋ ಮನುಷ್ಯ ಒಬ್ಬ ತಿರುಗಿ ನೋಡ್ಲಿ."

ಕೋಣೆಯಲ್ಲಿ ಮೀನಿನ ವಾಸನೆಯೂ ಹೊರಗಿನ ಗದ್ದಲವೂ ತುಂಬಿದ್ದವು. ಯೋತಾಮ್ ಮೆಲ್ಲಗೆ, "ಅಪ್ಪನಿಗೆ ಗೊತ್ತಿಲ್ಲಮ್ಮ. ಯಾರಿಗೂ ಹೇಳಿಲ್ಲ. ನಿಂಗೆ ತಡೆಯೋಕಾಗಲ್ಲ ಅಂದ್ರೆ ಲಾವಿ ಅಂತ ಇಡ್ತೀವಿ. ಈಗ ಎಲ್ಲರ ಮಕ್ಕಳೂ ಲಾವಿನೇ. ನೀನು ಬೇಡ ಅಂದ್ರೆ ಬೇಡ" ಎಂದ.

ಬ್ಲುಮಾ ತಿರುಗಿ ಬಾಗಿಲ ಸಂದಿಯಿಂದ ಹೊರಗೆ ನೋಡಿದಳು. ಅವಿಶೂರ್ ಎತ್ತರದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡು ಬಲಗೈಯನ್ನು ಮುಂದೆ ಚಾಚಿ ನಡುಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದ. ಯೋತಾಮ್‌ನ ಸುನ್ನತಿಯ ದಿನ ಇದೇ ಕುರ್ಚಿಯಲ್ಲಿ ಮಾವ ಮಖ್ಲೂಫ್ ಕೂತಿದ್ದ. ತನ್ನ ಹೆಸರು ಬರುತ್ತದೆಂದು ಗಡ್ಡ ನೀವಿಕೊಂಡು ಕಾದಿದ್ದ. ಹಿಂದಿನ ದಿನವೆಲ್ಲ ಬ್ಲುಮಾಳ ತಾಯಿ ಎದೆ ಬಡಿದುಕೊಂಡು ಅತ್ತಿದ್ದಳು, ಹಾಗಾಗಿ ಬೇರೆ ಹೆಸರು ಕೂಗಿದರು. ಮುದುಕ ಯಾರಿಗೂ ಏನೂ ಅನ್ನದೆ ಕೂಸನ್ನು ಕೊಟ್ಟು, ಮೀನು ಮುಟ್ಟದೆ, ಬಸ್ಸು ಹತ್ತಿ ಹೋಗಿಬಿಟ್ಟ. ಅವಿಶೂರ್ ಆ ಮಾತನ್ನು ಇಂದಿನ ತನಕ ಎತ್ತಿಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಅಷ್ಟರಲ್ಲಿ ಸುನ್ನತಿ ಮಾಡುವ ಮೊಹೇಲ್ ಕೂಗಿದ. ಬ್ಲುಮಾ ಮಗನಿಗೆ ಏನೂ ಹೇಳದೆ ಬಾಗಿಲು ಬಿಟ್ಟು ಸರಿದಳು.

ಕೆಲಸ ಬೇಗ ಮುಗಿಯಿತು. ಅವಿಶೂರ್‌ನ ಕೈ ನಡುಗಲಿಲ್ಲ. ಅತ್ತು ಸುಸ್ತಾದ ಕೂಸು ಅವನ ಮಡಿಲಲ್ಲೇ ಇತ್ತು. ಮೊಹೇಲ್ ದ್ರಾಕ್ಷಾರಸದ ಬಟ್ಟಲು ಹಿಡಿದು ಹರಕೆಯ ಮಾತು ಹೇಳುತ್ತ, ಹೆಸರು ಬರಬೇಕಾದ ಜಾಗದಲ್ಲಿ ನಿಲ್ಲಿಸಿ, ಕಿವಿಯನ್ನು ಯೋತಾಮ್‌ನ ಕಡೆ ಒಡ್ಡಿದ. ಯೋತಾಮ್ ಬಾಯಿ ತೆರೆಯದೆ ಹೆಂಗಸರ ಕಡೆ ತಾಯಿಯನ್ನು ನೋಡಿದ. ಅವಿಶೂರ್ ತಲೆ ತಗ್ಗಿಸಿ ಕೂಸನ್ನೇ ನೋಡುತ್ತಿದ್ದ. ಗಡ್ಡ ನೀವಿಕೊಳ್ಳುತ್ತಿದ್ದ, ಅಪ್ಪನ ಹಾಗೆಯೇ.

ಬ್ಲುಮಾಳ ಎದೆಯಲ್ಲಿ ಭಯ ಹಾಗೆಯೇ ಇತ್ತು, ಒಂದು ತೊಲವೂ ಕಮ್ಮಿಯಾಗಿರಲಿಲ್ಲ. ಆ ಭಯದ ಮೇಲೆಯೇ ಅವಳು ಬಾಯಿ ತೆರೆದಳು.

"ಅವಿಶೂರ್" ಎಂದಳು, ಇಡೀ ಮಂದಿರಕ್ಕೆ ಕೇಳುವ ಹಾಗೆ.

ಮುದುಕ ಥಟ್ಟನೆ ತಲೆಯೆತ್ತಿದ. "ಏನೇ?" ಎಂದ.

ಜನ ಗೊಳ್ಳೆಂದರು. ಅವನಿಗೆ ಯಾಕೆಂದು ತಿಳಿಯಲಿಲ್ಲ. ಮೊಹೇಲ್ ನಗು ತಡೆದುಕೊಂಡು ಬಟ್ಟಲನ್ನು ಮೇಲೆತ್ತಿ, "ಯೋತಾಮನ ಮಗ ಅವಿಶೂರ್" ಎಂದು ಕೂಗಿದ. ಆಗ ಅವಿಶೂರ್ ಹೆಂಡತಿಯನ್ನು ನೋಡಿದ, ಕೂಸನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಕೈ ಈಗ ನಡುಗತೊಡಗಿತು. ಫ್ರೇಡಾ ಬಂದು ಕೂಸನ್ನು ಎತ್ತಿಕೊಂಡಳು.

ಜನ ಊಟಕ್ಕೆ ಎದ್ದ ಮೇಲೆ ಬ್ಲುಮಾ ತಟ್ಟೆ ತುಂಬ ಮೀನು ಹಾಕಿಕೊಂಡು ಅವನ ಬಳಿಗೆ ಹೋದಳು. ಮೊದಲು ಅತ್ತಿತ್ತ ನೋಡಿ, ದೃಷ್ಟಿ ತಾಗದಂತೆ ಮೂರು ಸಲ ತೂ ತೂ ತೂ ಎಂದಳು.

"ಇನ್ಮೇಲೆ ಹುಷಾರಾಗಿರು" ಎಂದಳು. "ಅವಿಶೂರ್ ಇದ್ದಾನಾ ಅಂತ ಗುರುತಿಲ್ಲದೋರು ಯಾರಾದ್ರೂ ಬಾಗಿಲು ತಟ್ಟಿದ್ರೆ, ಇಬ್ರೂ ಊರಲ್ಲಿಲ್ಲ ಅನ್ನು."

"ಆಯ್ತು" ಎಂದ ಅವನು, ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು.

"ತಿನ್ನು. ನಿಮ್ಮಪ್ಪ ತಿನ್ನದೆ ಎದ್ದುಹೋದ."

ಅವನು ಮೀನಿನ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ಅವಳು ಅವನು ನುಂಗುವ ತನಕ ಕದಲದೆ ನಿಂತಿದ್ದಳು.

"ಉಪ್ಪು ಕಮ್ಮಿ" ಎಂದ ಅವಿಶೂರ್, ಇನ್ನೊಂದು ತುಂಡು ಮುರಿಯುತ್ತ.